ನಾಲ್ಕು ಪದರದ ರಟ್ಟು

ನಮ್ಮ ಬೀದಿಯಲ್ಲಿ ಗಂಡಾಗಿ ಹುಟ್ಟಿದ ಪ್ರತಿಯೊಬ್ಬನಿಗೂ ಮೋಟಾರ್ ಸೈಕಲ್ ರಿಪೇರಿ ಹುಟ್ಟಿನಿಂದಲೇ ಬರುತ್ತದೆ. ಕಲಿಯುವ ಗೋಜೇ ಇಲ್ಲ. ಮೂಗಿನ ಕೆಳಗೆ ನಾಲ್ಕು ಕೂದಲು ಮೂಡಿದರೆ ಸಾಕು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಹೇಳಿದ ರೋಗ ಒಂದೂ ನಿಜವಾಗಿರುವುದಿಲ್ಲ, ಅದು ಬೇರೆ ಮಾತು.

ನಮ್ಮ ಮನೆಯ ಎದುರು, ಮಾವಿನ ಮರದ ನೆರಳಿನಲ್ಲಿ, ನಾಲ್ಕು ಜನ ಬೆಳಗಿನ ಕಾಫಿಯಿಂದ ಹಿಡಿದು ಸಂಜೆಯವರೆಗೆ ಡಾಮಿನೊ ಆಡುತ್ತಾರೆ. ನಾನು ಅವರಿಗೆ ಮಹಾಸಭೆ ಎಂದು ಹೆಸರಿಟ್ಟಿದ್ದೇನೆ. ಅಪ್ಪನ ಜಾವಾ ಗಾಡಿಯನ್ನು ನಾನು ಅಂಗಳಕ್ಕೆ ತಳ್ಳಿ ತಂದು ಸ್ಪ್ಯಾನರ್ ಕೈಗೆತ್ತಿಕೊಂಡ ಮೊದಲ ದಿನವೇ ಮಹಾಸಭೆ ಆಟ ನಿಲ್ಲಿಸಿತು.

“ಪ್ಲಗ್ ನೋಡಕ್ಕಾ, ಪ್ಲಗ್!” ಅಂದ ಒಬ್ಬ.

“ಪ್ಲಗ್ ಅಲ್ಲ ಕಣಯ್ಯಾ, ಕಾರ್ಬುರೇಟರ್. ಸದ್ದಲ್ಲೇ ಗೊತ್ತಾಗಲ್ವಾ?” ಅಂದ ಇನ್ನೊಬ್ಬ.

“ಯಾವ ಸದ್ದೋ? ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ವಲ್ಲ,” ಅಂದೆ ನಾನು.

“ಅದೇ ಮತ್ತೆ. ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಕಾರ್ಬುರೇಟರೇ.”

ಇಂಥ ಪಂಡಿತರ ನಡುವೆ ನಾನು ರಿಪೇರಿ ಕಲಿತೆ.

ನನ್ನ ಹೆಸರು ಒಡಾಲ್ಮಿಸ್. ವಯಸ್ಸು ನಲವತ್ತೊಂಬತ್ತು. ಗಂಡನನ್ನು ಬಿಟ್ಟು ಹನ್ನೆರಡು ವರ್ಷವಾಯಿತು. ಅವನ ಗಾಡಿಯಲ್ಲಿ ಓಡಿಸುವುದನ್ನು ಕಲಿತದ್ದು ಅವನಿಂದ ನನಗಾದ ಏಕೈಕ ಉಪಕಾರ. ಮನೆಮನೆಗೆ ಹೋಗಿ ಹೆಂಗಸರ ಉಗುರು ತಿದ್ದಿ ಬಣ್ಣ ಹಚ್ಚುವುದು ನನ್ನ ಕಸುಬು. ಸಾಂತಿಯಾಗೊದಲ್ಲಿ ಇದು ಹಗುರದ ಕೆಲಸವಲ್ಲ. ಈ ಊರಿನಲ್ಲಿ ಸಮತಟ್ಟಾದ ಜಾಗ ಅಂದರೆ ಸ್ಮಶಾನ ಒಂದೇ, ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಬಸ್ಸು ಬಂದರೆ ಬಂತು, ಬಾರದಿದ್ದರೆ ಇಲ್ಲ. ಬಣ್ಣದ ಸೀಸೆಗಳ ಚೀಲವನ್ನು ಹೆಗಲಿಗೇರಿಸಿ ಬಿಸಿಲಿನಲ್ಲಿ ಹತ್ತಿ ಇಳಿದು ನನ್ನ ಎಡ ಮೊಣಕಾಲು ಹಾಳಾಗಿತ್ತು. ಇನ್ನೊಂದು ವರ್ಷ ಹೀಗೇ ನಡೆದರೆ ಕಸುಬನ್ನೇ ಬಿಡಬೇಕಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ನೋಡಿದರೆ, ಅಪ್ಪ ಸತ್ತಾಗಿನಿಂದ, ಅಂದರೆ ಮೂರು ವರ್ಷದಿಂದ, ಆ ಗಾಡಿ ಹಳೆಯ ಚಾದರ ಹೊದ್ದು ನಿಂತಿತ್ತು. ಅದನ್ನು ಎಬ್ಬಿಸಿದರೆ ನನ್ನ ಅನ್ನ ಉಳಿಯುತ್ತಿತ್ತು.

ಗಾಡಿ ಅಪ್ಪನಿಗೆ ಬಹುಮಾನವಾಗಿ ಬಂದದ್ದು. ಅಪ್ಪ ಎಲಿಹಿಯೊ ಆ ವರ್ಷ ತನ್ನ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಕಬ್ಬು ಕಡಿದು ಆದರ್ಶ ಕಾರ್ಮಿಕ ಅನ್ನಿಸಿಕೊಂಡಿದ್ದ. ಆಮೇಲೆಯೂ ವರ್ಷಕ್ಕೊಂದು ಪ್ರಶಸ್ತಿ ಪತ್ರ ಬಂತು, ದಪ್ಪ ರಟ್ಟಿನ ಮೇಲೆ ಕೆಂಪು ಅಕ್ಷರದ್ದು. ಹತ್ತಕ್ಕೂ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ. ನನಗೆ ಇಪ್ಪತ್ತು ತುಂಬುವಷ್ಟರಲ್ಲಿ ಆರೇ ಉಳಿದಿದ್ದವು. ಉಳಿದ ನಾಲ್ಕನ್ನು ಗೆದ್ದಲು ತಿಂದಿತು ಎನ್ನುತ್ತಿದ್ದ.

ರಷ್ಯಾದವರ ಹಡಗು ಬರುವುದು ನಿಂತ ಕಾಲದಲ್ಲಿ ಬಿಡಿಭಾಗ ಸಿಗದೆ ಬೀದಿಯ ಗಾಡಿಗಳೆಲ್ಲ ಒಂದೊಂದಾಗಿ ಮಲಗಿದವು. ಜನ ಬ್ರೇಕಿಗೆ ಶಾಂಪೂ ಸುರಿದರು, ಚೈನಿಗೆ ಹಂದಿ ಕೊಬ್ಬು ಸವರಿದರು. ಅಪ್ಪನ ಗಾಡಿ ಮಾತ್ರ ಓಡಿತು. “ನನ್ನ ಗಾಡಿಯೊಳಗೆ ಒಂದೇ ಒಂದು ಕಲಬೆರಕೆ ಸಾಮಾನಿಲ್ಲ,” ಎಂದು ಮಹಾಸಭೆಯ ಎದುರು ಎದೆ ತಟ್ಟಿಕೊಳ್ಳುತ್ತಿದ್ದ. “ಫ್ಯಾಕ್ಟರಿಯಿಂದ ಹೆಂಗೆ ಬಂತೋ ಹಂಗೇ ಇದೆ. ನನ್ನ ಕೈ ಬಿಟ್ರೆ ಇನ್ನೊಂದು ಕೈ ತಾಗಿಲ್ಲ.” ನಾವು ಚಿಕ್ಕವರಿದ್ದಾಗಿನಿಂದಲೂ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಗಾಡಿಯನ್ನು ಹಿಂದಿನ ಕೋಣೆಗೆ ತಳ್ಳಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಕೋಣೆಗೆ ಕಿಟಕಿಯಿಲ್ಲ, ಕರೆಂಟೂ ಇರುತ್ತಿರಲಿಲ್ಲ. ದೀಪ ಹಿಡಿಯಲು ಅಮ್ಮ ಜೊತೆಗೆ ಹೋಗುತ್ತಿದ್ದಳು. ನಾನೂ ನನ್ನ ತಮ್ಮನೂ ಹೊರಗೆ ಉಸಿರು ಬಿಗಿಹಿಡಿದು ಕೂರಬೇಕು, ಗಲಾಟೆ ಮಾಡಿದರೆ ಏಟು. ಸಂಜೆ ಅಪ್ಪ ಅಂಗಳಕ್ಕೆ ಬಂದು ಇಡೀ ಬೀದಿಗೆ ಕಾಣುವ ಹಾಗೆ ಕೈ ತೊಳೆಯುತ್ತಿದ್ದ. ನಾನು ಗಾಡಿ ಮುಟ್ಟಲು ಹೋದರೆ, “ಹೆಣ್ಮಕ್ಕಳ ಕೈ ತಾಗಿದ್ರೆ ಎಂಜಿನ್ ಮುನಿಸ್ಕೊಳ್ಳುತ್ತೆ ಮಗಳೇ,” ಎನ್ನುತ್ತಿದ್ದ. ನಾನೂ ನಂಬಿದ್ದೆ. ಅಷ್ಟು ದಡ್ಡಿ ನಾನು.

ತಮ್ಮ ಅರ್ಸೇನಿಯೊ ಬಂದರಿನ ಕಚೇರಿಯಲ್ಲಿ ಗುಮಾಸ್ತ. ಮೋಟಾರ್ ಸೈಕಲ್ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಗಂಡಸು. ಆದರೆ ಗಾಡಿಯಲ್ಲಿ ಅರ್ಧ ಪಾಲು ಅವನದು. ಏಪ್ರಿಲ್‌ನಲ್ಲಿ ಒಂದು ದಿನ ಬಂದು, “ಅಕ್ಕಾ, ಅದು ಸತ್ತ ಗಾಡಿ. ಡಾಕ್ಟರ್ ತಗೊಳ್ತೀನಿ ಅಂದಿದಾನೆ, ಕೊಟ್ಬಿಡೋಣ,” ಅಂದ.

ಡಾಕ್ಟರ್ ಅಂದರೆ ಮೂಲೆಮನೆಯ ಮೆಕ್ಯಾನಿಕ್ ಫೆರ್ಮಿನ್. ಆ ಹೆಸರು ಯಾರಿಟ್ಟರೋ, ಅವನೇ ಇಟ್ಟುಕೊಂಡಿರಬೇಕು. ಅವನ ಕೈಗೆ ಹೋದ ರೋಗಿ ಹೋದ ಹಾಗೆ ಹಿಂದಿರುಗಿದ್ದನ್ನು ನಾನು ಕಂಡಿಲ್ಲ. ನಿಮ್ಮ ಗಾಡಿಯ ಒಳ್ಳೆಯ ಸಾಮಾನು ಅವನ ಡಬ್ಬಿ ಸೇರುತ್ತದೆ, ಅವನ ಡಬ್ಬಿಯ ಸವೆದದ್ದು ನಿಮ್ಮ ಗಾಡಿ ಸೇರುತ್ತದೆ, ಮೇಲೆ ನೀವು ಅವನಿಗೆ ಕಾಫಿಯನ್ನೂ ಮಾಡಿ ಕೊಡಬೇಕು. ಅದಕ್ಕೇ ನಾನು ಸ್ಪ್ಯಾನರ್ ಹಿಡಿದದ್ದು.

“ಸತ್ತಿಲ್ಲ. ನಾನೇ ರಿಪೇರಿ ಮಾಡ್ತೀನಿ,” ಅಂದೆ.

ಅರ್ಸೇನಿಯೊ ಹೊಟ್ಟೆ ಹಿಡಿದುಕೊಂಡು ನಕ್ಕ. “ನೀನಾ? ಉಗುರಿಗೆ ಬಣ್ಣ ಹಚ್ಚಿದ ಹಂಗೆ ಅಂದ್ಕೊಂಡ್ಯಾ? ಸರಿ, ಜುಲೈ ಕಾರ್ನಿವಲ್ ಹಬ್ಬಕ್ಕೆ ಮುಂಚಿನ ಭಾನುವಾರದವರೆಗೂ ಟೈಮ್ ಕೊಡ್ತೀನಿ. ಅಮ್ಮನ್ನ ಹಿಂದೆ ಕೂರಿಸ್ಕೊಂಡು ಬೊನಿಯಾತೊ ಘಾಟಿ ಹತ್ತಿ ತೋರ್ಸು. ಹತ್ತಿದ್ರೆ ಗಾಡಿ ಪೂರ್ತಿ ನಿಂದೇ, ನನ್ನ ಪಾಲೂ ಬರ್ಕೊಡ್ತೀನಿ. ಹತ್ತಲಿಲ್ವೋ, ಡಾಕ್ಟರ್‌ಗೆ.”

“ಅಮ್ಮನ ಎದುರು ಹೇಳ್ತಿದೀಯ. ಆಮೇಲೆ ಮಾತು ತಪ್ಪಿದ್ರೆ ನೋಡು,” ಅಂದೆ.

ಅಮ್ಮ ಎನೇಯ್ದಾ ಬಾಗಿಲ ಬಳಿ ತೂಗುಕುರ್ಚಿಯಲ್ಲಿ ಕೂತು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಎಪ್ಪತ್ತಾರು ವರ್ಷ. ಮೂವತ್ತು ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವಳು. ಅವಳು ತಲೆಯೆತ್ತಲೂ ಇಲ್ಲ, ದಾರವನ್ನು ಹಲ್ಲಿನಲ್ಲಿ ಕಡಿದಳು ಅಷ್ಟೆ.

ಕಲಿಯುವುದು ಅಂದರೆ ಏನೆಂದು ಆ ಎರಡೂವರೆ ತಿಂಗಳಲ್ಲಿ ನನಗೆ ಗೊತ್ತಾಯಿತು. ಬೆಳಿಗ್ಗೆ ಹೆಂಗಸರ ಉಗುರು, ಮಧ್ಯಾಹ್ನ ಗಾಡಿ. ನನ್ನ ಕಸುಬಿನ ಸಾಮಾನೇ ಇಲ್ಲಿಗೂ ಬಂತು. ಕಿಡಿ ಕೊಡುವ ಪಾಯಿಂಟ್ ಕಪ್ಪುಗಟ್ಟಿತ್ತು, ಉಗುರು ಉಜ್ಜುವ ಅರದಿಂದ ತಿಕ್ಕಿದೆ. ಕಾರ್ಬುರೇಟರಿನ ಅಂಟನ್ನು ಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ನೆನೆಹಾಕಿ ತೆಗೆದೆ. ಕೂದಲೆಳೆಯಷ್ಟು ಸಣ್ಣ ತೂತುಗಳನ್ನು ಉಗುರಿನ ಸಂದು ಚೊಕ್ಕ ಮಾಡುವ ಕಡ್ಡಿಯಿಂದ ಬಿಡಿಸಿದೆ. ಇಷ್ಟೆಲ್ಲ ಮಾಡಿ, ಕಾರ್ಬುರೇಟರಿನೊಳಗಿನ ತೇಲುವ ಡಬ್ಬಿಯನ್ನು ತಲೆಕೆಳಗಾಗಿ ಕೂರಿಸಿಬಿಟ್ಟೆ. ನಲ್ಲಿ ಬಿಟ್ಟ ಹಾಗೆ ಪೆಟ್ರೋಲ್ ನನ್ನ ಚಪ್ಪಲಿ ಮೇಲೆ ಸುರಿಯಿತು. ಮಹಾಸಭೆ ಮೇಜು ಕುಟ್ಟಿ ಕುಟ್ಟಿ ನಕ್ಕಿತು. “ಅಕ್ಕಾ, ಕಾಲಿನ ಬಣ್ಣ ತೆಗೀತಿದೀರಾ?” ಅಂದ ಒಬ್ಬ ಮುಠ್ಠಾಳ. ನಾನು ಅವನ ಹೆಂಡತಿಯ ಉಗುರು ಮಾಡುವುದನ್ನು ಎರಡು ವಾರ ನಿಲ್ಲಿಸಿದೆ. ಅವನಿಗೆ ಮನೆಯಲ್ಲಿ ತಕ್ಕ ಶಾಸ್ತಿಯಾಯಿತು.

ಬಿಚ್ಚುವುದು ಸುಲಭ. ಬಿಚ್ಚಿದ್ದು ಎಲ್ಲಿಯದು ಎಂಬುದೇ ಕಷ್ಟ. ಒಂದು ದಿನ ಅಮ್ಮ ಮೊಟ್ಟೆ ಇಡುವ ರಟ್ಟಿನ ತಟ್ಟೆಯನ್ನು ತಂದು ನನ್ನ ಪಕ್ಕದಲ್ಲಿಟ್ಟು ಹೋದಳು. ಮೊಟ್ಟೆ ತರಲು ಹೇಳುತ್ತಿದ್ದಾಳೆ ಎಂದುಕೊಂಡು, “ಆಮೇಲೆ ಹೋಗ್ತೀನಮ್ಮ, ಈಗ ತಲೆ ತಿನ್ಬೇಡ,” ಎಂದು ಕೂಗಿದೆ. ಸಂಜೆ ಯಾಕೋ ಆ ಗುಳಿಗಳನ್ನು ನೋಡಿ, ಒಂದೊಂದು ಗುಳಿಗೆ ಒಂದೊಂದು ಭಾಗದ ಸ್ಕ್ರೂಗಳನ್ನು ಹಾಕಿಟ್ಟೆ. ಅಲ್ಲಿಂದ ಮುಂದೆ ನನ್ನ ಸ್ಕ್ರೂ ಒಂದೂ ಕಳೆಯಲಿಲ್ಲ. ಎಂಥ ಉಪಾಯ ಹೊಳೆಯಿತು ನೋಡು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೇ ತಿಂಗಳಲ್ಲಿ ಗಾಡಿ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ನಾನು ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಎಂಜಿನ್ ಬಿಸಿಯಾದ ಕೂಡಲೇ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ನಮ್ಮ ಬೀದಿಯ ಏರನ್ನೇ ಹತ್ತದ್ದು ಘಾಟಿ ಏನು ಹತ್ತೀತು? ಡಾಕ್ಟರ್ ದಾರಿಯಲ್ಲಿ ಹೋಗುತ್ತಾ, “ಪೂರ್ತಿ ಎಂಜಿನ್ ಹೋಗಿದೆ ಕಣಮ್ಮ, ಯಾಕೆ ಸುಮ್ನೆ ಒದ್ದಾಡ್ತೀಯ?” ಅಂದ. ನಾನು ಸೋಪಿನ ನೀರು ಕಲಸಿ ಎಂಜಿನ್ನಿನ ಸಂದುಸಂದಿಗೂ ಸವರಿದೆ. ಎರಡು ಸಿಲಿಂಡರುಗಳ ಬುಡದಲ್ಲಿ ಗುಳ್ಳೆ ಎದ್ದಿತು. ಗಾಳಿ ಸೋರುವುದು ಅಲ್ಲೇ. ಸಂದು ಮುಚ್ಚಲು ಅಲ್ಲಿ ಕೂರುವ ಗ್ಯಾಸ್ಕೆಟ್ ಹೋಗಿತ್ತು, ಅಷ್ಟೇ ರೋಗ. ಡಾಕ್ಟರಂತೆ, ಡಾಕ್ಟರ್!

ಸಿಲಿಂಡರ್ ಎತ್ತಿ ನೋಡಿದೆ. ಆಗ ಸಿಕ್ಕಿತು ಆ ರಟ್ಟು. ಕಾಗದದಷ್ಟು ತೆಳುವಾದ ಗ್ಯಾಸ್ಕೆಟ್ ಇರಬೇಕಾದಲ್ಲಿ ಒಂದರ ಮೇಲೊಂದು ಅಂಟಿಸಿದ ನಾಲ್ಕು ಪದರದ ರಟ್ಟು! ಪದರಗಳ ನಡುವೆ ಒಣಗಿದ ಕೆಂಪು ಉಗುರು ಬಣ್ಣ. ಅಂಚು ಕೇಕಿನ ಕೆಳಗೆ ಹಾಕುವ ಕಾಗದದ ಹಾಗೆ ಹಲ್ಲುಹಲ್ಲು. ಒಂದು ಕಡೆ ಎಣ್ಣೆ ಕುಡಿದು ಕೊಳೆತು ಹರಿದಿತ್ತು.

ನನಗೆ ನಗು ತಡೆಯಲಾಗಲಿಲ್ಲ. “ನೋಡಮ್ಮಾ ನಿನ್ನ ಗಂಡನ ಕರಾಮತ್ತು! ಕಲಬೆರಕೆ ಸಾಮಾನೇ ಇಲ್ಲ ಅಂತಿದ್ದ ಮಹಾಪುರುಷ! ಮೂರನೇ ಕ್ಲಾಸ್ ಹುಡುಗ್ರೂ ಇದಕ್ಕಿಂತ ನೀಟಾಗಿ ಕತ್ತರಿಸ್ತಾರೆ,” ಎಂದೆ.

ಅಮ್ಮ ಸೂಜಿ ನಿಲ್ಲಿಸಿದಳು. ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಹೊಲಿಯತೊಡಗಿದಳು. ಗಂಡನನ್ನು ಅಂದದ್ದಕ್ಕೆ ಬೇಜಾರಾಯಿತೇನೋ ಎಂದುಕೊಂಡೆ.

ಚಿಕ್ಕಪ್ಪನ ಮಗಳು ಮೈತೆ ಓದಲು ಹೋಗಿ, ಜಾವಾ ಗಾಡಿಯ ತವರಾದ ಜೆಕ್ ದೇಶದಲ್ಲೇ ಉಳಿದವಳು. ಅವಳಿಗೆ ಫೋನ್ ಮಾಡಿದೆ. ಜುಲೈ ಮೊದಲ ವಾರ ಊರಿಗೆ ಬಂದವರೊಬ್ಬರ ಕೈಯಲ್ಲಿ ಗ್ಯಾಸ್ಕೆಟ್ ಸೆಟ್ ಬಂತು. ಹೊಳೆಯುವ ಪ್ಲಾಸ್ಟಿಕ್ ಹೊದಿಕೆ, ಒಳಗೆ ತೆಳ್ಳಗೆ, ನಯವಾಗಿ, ಒಂದು ಕೂದಲಿನಷ್ಟೂ ಓರೆಯಿಲ್ಲದ ಹಾಗೆ ಕತ್ತರಿಸಿದ ಗ್ಯಾಸ್ಕೆಟ್‌ಗಳು. ನಮ್ಮೂರಿನಲ್ಲಿ ಅಸಲಿ ಸಾಮಾನು ಬಂತೆಂದರೆ ಕೇಳಬೇಕೆ? ಹಸುಗೂಸು ನೋಡಲು ಬಂದ ಹಾಗೆ ಬಂದರು ಜನ. ಮಹಾಸಭೆ ಕೈ ತೊಳೆದುಕೊಂಡು ಬಂದು ಮುಟ್ಟಿತು. ಡಾಕ್ಟರ್ ಮೂಗಿನ ಹತ್ತಿರ ಹಿಡಿದು ಮೂಸಿ, ಕಣ್ಣು ಮುಚ್ಚಿ, “ಅಸಲಿ. ಅಸಲಿ ವಾಸ್ನೆನೇ ಬೇರೆ. ಇದನ್ನ ಹಾಕು, ಗಾಡಿ ಇವತ್ತು ಹುಟ್ಟಿದ ಹಂಗೆ ಆಗುತ್ತೆ,” ಅಂದ.

ಅಮ್ಮ ತೂಗುಕುರ್ಚಿಯಿಂದ ಎದ್ದು ಬಂದಳು. ಗ್ಯಾಸ್ಕೆಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದು ಆ ಗಾಡಿಗೆ ಆಗಲ್ಲ. ತೀರಾ ತೆಳ್ಳಗಿದೆ,” ಅಂದಳು.

“ಎನೇಯ್ದಮ್ಮಾ, ಇದು ಲಂಗ ಹೊಲಿಯೋ ವಿಷಯ ಅಲ್ಲ,” ಎಂದು ಡಾಕ್ಟರ್ ನಕ್ಕ. ಮಹಾಸಭೆಯೂ ನಕ್ಕಿತು.

“ಅಮ್ಮಾ, ನಿಂಗೇನು ಗೊತ್ತು? ಸುಮ್ನೆ ಹೋಗಿ ಕೂತ್ಕೋ,” ಅಂದೆ ನಾನು.

ಅಮ್ಮ ಹೋಗಿ ಕೂತಳು.

ಗಡುವಿಗೆ ಮೂರು ದಿನ ಮುಂಚೆ, ಗುರುವಾರ ಮಧ್ಯಾಹ್ನ, ಎಲ್ಲವನ್ನೂ ಜೋಡಿಸಿದೆ. ಕೊಳಕು ರಟ್ಟನ್ನು ಕಸದ ಬಕೆಟ್ಟಿಗೆ ಎಸೆದೆ. ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಒಂದೇ ಸಮ ಬಿಗಿದೆ. ಕೈಯಲ್ಲಿ ಮೆಲ್ಲಗೆ ತಿರುಗಿಸಿದಾಗ ತಕರಾರಿಲ್ಲದೆ ತಿರುಗಿತು. ಬೀದಿಯೆಲ್ಲ ನೋಡುತ್ತಿತ್ತು. ಕಿಕ್ ಹೊಡೆದೆ.

ಟಕ್ ಟಕ್ ಟಕ್ ಟಕ್ ಎಂದು ಎಂಜಿನ್ನಿನ ತಲೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿಯತೊಡಗಿದರು. ಗಾಬರಿಯಾಗಿ ಆರಿಸಿದೆ. ಮತ್ತೆ ಹೊಡೆದೆ, ಮತ್ತೆ ಅದೇ. ಡಾಕ್ಟರ್ ಓಡಿಬಂದು ಕಿವಿಯಿಟ್ಟು, ಹಣೆ ಗಂಟಿಕ್ಕಿ, ಹೆಣದ ಮುಂದೆ ನಿಂತ ಪಾದ್ರಿಯ ಧಾಟಿಯಲ್ಲಿ ಹೇಳಿದ: “ಒಳಗಿನ ಬೇರಿಂಗ್ ಎಲ್ಲ ಪುಡಿಪುಡಿ. ನಾನು ಅವತ್ತೇ ಹೇಳ್ಲಿಲ್ವಾ? ಹೆಣ್ಮಕ್ಕಳು ಹಠ ಹಿಡಿದ್ರೆ ಹಿಂಗೇ ಆಗೋದು. ಬಿಡು, ಭಾನುವಾರ ಹಗ್ಗ ತಂದು ಎಳ್ಕೊಂಡು ಹೋಗ್ತೀನಿ.”

“ಹಗ್ಗ ನಿನ್ನ ಕುತ್ತಿಗೆಗೆ ಕಟ್ಕೋ ಹೋಗೋ!” ಎಂದು ಸ್ಪ್ಯಾನರ್ ಬೀಸಿ ಒಗೆದೆ. ಅದು ಡಾಮಿನೊ ಮೇಜಿನ ಕಾಲಿಗೆ ತಾಗಿತು, ಆಟ ಕೆಟ್ಟಿತು, ಅಷ್ಟು ಮಾತ್ರ ಸಮಾಧಾನ. ಒಳಗೆ ಹೋಗಿ ಹಾಸಿಗೆ ಮೇಲೆ ಬಿದ್ದುಕೊಂಡು ಗೋಡೆ ನೋಡಿದೆ. ಅಲ್ಲಿ ಅಪ್ಪನ ಆರು ಪ್ರಶಸ್ತಿಗಳು ಸಾಲಾಗಿ ನನ್ನನ್ನು ಅಣಕಿಸುತ್ತಿದ್ದವು. ಎರಡೂವರೆ ತಿಂಗಳ ದುಡಿಮೆ ಹೋಯಿತು, ಗಾಡಿ ಹೋಯಿತು. ಇನ್ನು ಈ ಮೊಣಕಾಲನ್ನು ಎಳೆದುಕೊಂಡು ಎಷ್ಟು ದಿನ ಹತ್ತಲಿ?

ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಕಸದ ಬಕೆಟ್ಟಿಗೆ ಕೈ ಹಾಕಿದ್ದಳು. ಬಾಳೆಸಿಪ್ಪೆ, ಕಾಫಿ ಗಷ್ಟುಗಳ ನಡುವಿನಿಂದ ಆ ರಟ್ಟನ್ನು ಎತ್ತಿ, ಬಚ್ಚಲಿಗೆ ಹೋಗಿ ತೊಳೆದು, ಅಡುಗೆ ಮೇಜಿನ ಮೇಲೆ ಹರಡಿದಳು. ನನ್ನ ಅಸಿಟೋನ್ ಸೀಸೆ ತೆಗೆದುಕೊಂಡು ಅಂಚಿಗೆ ಎರಡು ಹನಿ ಬಿಟ್ಟಳು. ಪದರಗಳು ಒಂದೊಂದಾಗಿ ಬಿಡಿಸಿಕೊಂಡವು. ಮೂರನೆಯ ಪದರದ ಮೇಲೆ ಅಕ್ಷರ ಕಂಡಿತು. ಕೆಂಪು ಅಕ್ಷರ. ‘ಎಲಿಹಿಯೊ’ ಅಂತ ಅರ್ಧ ಹೆಸರು, ಕೆಳಗೆ ‘ಆದರ್ಶ ಕಾರ್ಮಿಕ’.

ಅಪ್ಪನ ಪ್ರಶಸ್ತಿ ಪತ್ರವನ್ನೇ ಕತ್ತರಿಸಿ ಗ್ಯಾಸ್ಕೆಟ್ ಮಾಡಲಾಗಿತ್ತು. ಗೆದ್ದಲಂತೆ ಗೆದ್ದಲು!

“ಇದನ್ನ ಕತ್ತರಿಸಿದ್ದು ಯಾರಮ್ಮಾ?” ಎಂದು ಕೇಳಿದೆ. ಕೇಳುವಾಗಲೇ ನನ್ನ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಅಮ್ಮನ ಹಲ್ಲಿನ ಕತ್ತರಿ ತೂಗುತ್ತಿತ್ತು. ಬಟ್ಟೆಯ ಅಂಚು ಬಿಚ್ಚದಿರಲಿ ಎಂದು ಹೊಲಿಗೆಯವರು ಇಟ್ಟುಕೊಳ್ಳುವಂಥದ್ದು. ಚಿಕ್ಕಂದಿನಿಂದ ಅದನ್ನು ಮುಟ್ಟಲು ನಮಗೆ ಬಿಟ್ಟವಳಲ್ಲ.

“ಈ ಮನೇಲಿ ಹಲ್ಲಿನ ಕತ್ತರಿ ಇನ್ಯಾರ ಹತ್ರ ಇದೆ?” ಅಂದಳು ಅಮ್ಮ.

ನಾನು ಕುರ್ಚಿ ಎಳೆದು ಕೂತೆ. ಅವಳೇ ಮುಂದುವರಿಸಿದಳು. “ಒಳಗಿರೋದು ಆ ಗಾಡಿ ಪಿಸ್ಟನ್ ಅಲ್ಲ ಕಣೇ. ಕಬ್ಬಿನ ಗದ್ದೆಗೆ ನೀರೆತ್ತೋ ಪಂಪಿಂದು. ನಮ್ಮ ಕಾರ್ಖಾನೆ ಲಾರಿ ಡ್ರೈವರ್ ಎರಡು ತಂದ್ಕೊಟ್ಟ, ಅವನ ಮಗಳ ಹದಿನೈದನೇ ವರ್ಷದ ಹಬ್ಬಕ್ಕೆ ಗೌನು ಹೊಲ್ದುಕೊಟ್ಟೆ. ಸುತ್ತಳತೆ ಸರಿ ಇತ್ತು, ಎತ್ತರ ಜಾಸ್ತಿ. ಮೇಲಕ್ಕೆ ಬಂದಾಗ ತಲೆ ಬಡಿಯುತ್ತೆ. ಅದಕ್ಕೇ ಸಿಲಿಂಡರನ್ನೇ ರಟ್ಟು ಹಾಕಿ ಎತ್ತರಿಸ್ಬೇಕು. ಮೂರು ಪದರ ಹಾಕಿದ್ರೆ ಬಡಿಯುತ್ತೆ, ಐದು ಹಾಕಿದ್ರೆ ಏರು ಹತ್ತಲ್ಲ. ನಾಲ್ಕೇ ಆಗ್ಬೇಕು. ನೀನು ಆ ಅಸಲಿ ಕಾಗದ ಹಾಕ್ದೆ. ಬಡೀದೆ ಇನ್ನೇನು ಮಾಡುತ್ತೆ?”

“ನಿಂಗೆ… ಇದೆಲ್ಲ ಹೆಂಗೆ?”

“ಕಾರ್ಖಾನೇಲಿ ಎಪ್ಪತ್ತು ಮೆಷಿನ್ ಇದ್ವು. ಕೆಟ್ಟಾಗ ಯಾರು ಬಂದು ಮಾಡ್ತಿದ್ರು ಅಂದ್ಕೊಂಡೆ? ರಷ್ಯಾದಿಂದಲಾ?”

“ಮತ್ತೆ ಯಾಕಮ್ಮಾ ಹೇಳ್ಲಿಲ್ಲ ನಂಗೆ?”

“ಹೇಳಿದ್ನಲ್ಲ. ನೀನೇ ಸುಮ್ನೆ ಹೋಗಿ ಕೂತ್ಕೋ ಅಂದೆ. ಕೂತ್ಕೊಂಡೆ.”

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇಡೀ ಬೀದಿಯ ಗಂಡಸರನ್ನು ಎರಡೂವರೆ ತಿಂಗಳು ಹೀಯಾಳಿಸಿದವಳು ನಾನು. ಆ ಪೆದ್ದರಲ್ಲಿ ಒಬ್ಬೊಬ್ಬನನ್ನೂ ಒಂದಲ್ಲ ಒಂದು ಸಲ ಏನಾದರೂ ಕೇಳಿದ್ದೆ, ಡಾಕ್ಟರನ ಮೂಗಿನ ಮಾತನ್ನೂ ನಂಬಿದ್ದೆ. ಹತ್ತು ಹೆಜ್ಜೆ ದೂರದ ತೂಗುಕುರ್ಚಿಯ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಹೆಣ್ಣಿನ ಕೈ ತಾಗಿದರೆ ಎಂಜಿನ್ ಮುನಿಯುತ್ತದೆ ಎಂದ ಅಪ್ಪನಿಗೂ ನನಗೂ ಏನು ವ್ಯತ್ಯಾಸ? “ತಪ್ಪಾಯ್ತಮ್ಮಾ,” ಅಂದೆ.

“ಆಯ್ತು, ಆಮೇಲೆ ಅಳುವಂತೆ. ಇವತ್ತು ಶುಕ್ರವಾರ,” ಎಂದು ಅಮ್ಮ ಎದ್ದಳು. ಗೋಡೆಯಿಂದ ಒಂದು ಪ್ರಶಸ್ತಿ ಪತ್ರವನ್ನು ಇಳಿಸಿ, ಕಟ್ಟು ಬಿಚ್ಚಿ, ರಟ್ಟನ್ನು ಬೆರಳಲ್ಲಿ ಬಾಗಿಸಿ ನೋಡಿದಳು. “ಒಳ್ಳೆ ರಟ್ಟು. ಈಗ ಇಂಥದ್ದು ಎಲ್ಲಿ ಬರುತ್ತೆ?” ಎಂದು ಕತ್ತರಿ ಹಾಕಿದಳು.

ಗಾಡಿಯನ್ನು ಕಿಟಕಿಯಿಲ್ಲದ ಹಿಂದಿನ ಕೋಣೆಗೇ ತಳ್ಳಿದೆವು. ಬಾಗಿಲು ಹಾಕಿಕೊಂಡೆವು, ಮಹಾಸಭೆಯ ಮೂಗು ಒಳಗೆ ತೂರದಿರಲಿ ಎಂದು. ಕರೆಂಟು ಎಂದಿನಂತೆ ಇರಲಿಲ್ಲ. ಅಮ್ಮ ಗೋಣಿಚೀಲ ಹಾಸಿ ನೆಲದ ಮೇಲೆ ಕೂತಳು. ಸೀಮೆಎಣ್ಣೆ ದೀಪವನ್ನು ನನ್ನ ಕೈಗೆ ಕೊಟ್ಟು, “ನೆಟ್ಟಗೆ ಹಿಡಿ,” ಅಂದಳು.

ಆ ಮಧ್ಯಾಹ್ನ ನಾನು ಕಲಿತದ್ದು ಅಷ್ಟಿಷ್ಟಲ್ಲ. ಪಿಸ್ಟನ್ ತಲೆಗೆ ಆದ ಪೆಟ್ಟನ್ನು ಅಮ್ಮ ಹೆಬ್ಬೆರಳಿಂದ ಸವರಿ, “ಸಾಯೋವಂಥ ಗಾಯ ಅಲ್ಲ,” ಎಂದು ನನ್ನ ಉಗುರಿನ ಅರದಿಂದಲೇ ನಯ ಮಾಡಿದಳು. ಪದರ ಅಂಟಿಸಲು ನನ್ನ ಸೀಸೆಗಳನ್ನು ಕೆದಕಿ, “ಮಿಂಚಿರೋದು ಬೇಡ. ಆ ಮಿಂಚಿನ ಪುಡಿ ಸಂದು ಬಿಡುತ್ತೆ, ಗಾಳಿ ಸೋರುತ್ತೆ. ಸಾದಾ ಕೆಂಪು ಕೊಡು,” ಅಂದಳು. ಹಲ್ಲಿನ ಅಂಚು ಯಾಕೆ ಎಂದು ಕೇಳಿದೆ. “ಬಣ್ಣ ಹಲ್ಲಿನ ಸಂದೀಲಿ ಕೂತು ಹಿಡ್ಕೊಳ್ಳುತ್ತೆ. ನೀಟಾಗಿ ಕತ್ತರಿಸೋಕೆ ನಂಗೂ ಬರುತ್ತೆ ಕಣೇ,” ಎಂದು ಕುಟುಕಿದಳು. ಪಿಸ್ಟನ್ ಮೇಲೆ ಮೋಂಬತ್ತಿಯ ಮೇಣದ ಸಣ್ಣ ಉಂಡೆಯಿಟ್ಟು, ಸಿಲಿಂಡರಿನ ತಲೆ ಮುಚ್ಚಿ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿಸಿದಳು. ಚಪ್ಪಟೆಯಾದ ಮೇಣವನ್ನು ತನ್ನ ಹೆಬ್ಬೆರಳ ಉಗುರಿನ ಪಕ್ಕ ಹಿಡಿದಳು. “ನೋಡು, ಮೇಲಿನ ಸಂದು ಉಗುರಿನ ಎರಡರಷ್ಟು ದಪ್ಪ ಇರ್ಬೇಕು. ಅಷ್ಟೇ ಲೆಕ್ಕ. ಇನ್ನೊಂದು ಕಡೆ ನೀನು ಮಾಡು.” ನಾನು ಮಾಡಿದೆ. ಎರಡು ಸಲ ತಪ್ಪಿತು, ಎರಡು ಸಲವೂ ಬಿಚ್ಚಿಸಿದಳು. ನಡುನಡುವೆ ದೀಪ ಅಲ್ಲಾಡಿದರೆ, “ಏಯ್, ನೆಟ್ಟಗೆ!” ಎಂದು ಗದರುತ್ತಿದ್ದಳು. ಆ ಗದರಿಕೆ ಬಹಳ ವರ್ಷ ಅಭ್ಯಾಸವಾದದ್ದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

ಶನಿವಾರ ಸಂಜೆ ಅವಳ ಕೈ ಕಪ್ಪಾಗಿತ್ತು. ಅಂಗಳಕ್ಕೆ ಬಾರದೆ ಅಡುಗೆಮನೆಯಲ್ಲೇ ಬೂದಿ ಹಾಕಿ ತೊಳೆದುಕೊಂಡಳು, ಯಾವಾಗಲೂ ಅಲ್ಲೇ ತೊಳೆದುಕೊಳ್ಳುತ್ತಿದ್ದಳಂತೆ.

ಭಾನುವಾರ ಬೆಳಿಗ್ಗೆ ಡಾಕ್ಟರ್ ನಿಜವಾಗಿಯೂ ಹಗ್ಗ ತಂದಿದ್ದ. ಅರ್ಸೇನಿಯೊ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಕಿಕ್ ಹೊಡೆದೆ. ಟಕ್ ಟಕ್ ಇಲ್ಲ. ಎರಡೂ ಸಿಲಿಂಡರು ಒಂದೇ ಶ್ರುತಿಯಲ್ಲಿ ಹಾಡಿದವು. ಮಹಾಸಭೆಯ ಬಾಯಿಗೆ ಬೀಗ ಬಿತ್ತು, ಎರಡು ಗಳಿಗೆ ಮಾತ್ರ. ಆಮೇಲೆ, “ನಾನು ಹೇಳಿದ್ನಲ್ಲ, ಪ್ಲಗ್ಗೇ ಅಂತ,” ಎಂಬ ಧ್ವನಿ ಕೇಳಿಸಿತು.

ಅಮ್ಮ ಅಪ್ಪನ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿದಳು. ಡಾಕ್ಟರ್ ತನ್ನ ಗಾಡಿಯಲ್ಲಿ ಅರ್ಸೇನಿಯೊನನ್ನು ಕೂರಿಸಿಕೊಂಡು ಹಿಂದೆಯೇ ಬಂದ, ಹಗ್ಗ ಹೆಗಲ ಮೇಲೆ. ಬೊನಿಯಾತೊ ಘಾಟಿಯ ಮೊದಲ ಮೂರು ತಿರುವು ಸಲೀಸಾಗಿ ಹತ್ತಿದೆವು. ನಾಲ್ಕನೆಯದು ತೀರಾ ಕಡಿದಾಗಿತ್ತು, ಎಂಜಿನ್ ದನಿ ಕುಗ್ಗಿತು. ಅಮ್ಮ ನನ್ನ ಬೆನ್ನಿಗೆ ಗುದ್ದಿ, “ಎರಡನೇ ಗೇರ್‌ಗೆ ಹಾಕು, ಹೆದರಬೇಡ, ಅದಕ್ಕೆ ತಾಕತ್ತಿದೆ,” ಎಂದು ಕಿವಿಯಲ್ಲಿ ಕೂಗಿದಳು. ಹಾಕಿದೆ. ಗಾಡಿ ಗುಟುರು ಹಾಕಿ ಮೇಲೆದ್ದಿತು. ನೆತ್ತಿ ತಲುಪಿದಾಗ ಕೆಳಗೆ ಊರೂ ಕೊಲ್ಲಿಯೂ ಕಾಣುತ್ತಿದ್ದವು. ನಾನು ಎಂಜಿನ್ನಿನ ಬುಡ ನೋಡಿದೆ. ಒಂದು ಹನಿ ಸೋರಿರಲಿಲ್ಲ.

ಡಾಕ್ಟರ್ ಬಂದು ಇಳಿದವನೇ, “ನಾನು ಹೇಳಿದ್ದೆ, ಅಸಲಿ ಗ್ಯಾಸ್ಕೆಟ್ ಕೂತ್ಕೊಳ್ಳೋಕೆ ಎರಡು ದಿನ ಬೇಕಾಗುತ್ತೆ ಅಂತ,” ಅಂದ. ಅವನ ಮುಖಕ್ಕೆ ಉತ್ತರ ಕೊಡುವುದೂ ದಂಡ ಎಂದು ಬಿಟ್ಟೆ.

ಅರ್ಸೇನಿಯೊ ಕಣ್ಣು ತೆರೆದ. ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸಿದ. ಅವನ ಕಣ್ಣು ಒದ್ದೆಯಾಯಿತು, ಪಾಪ. “ಮಾತು ಅಂದ್ರೆ ಮಾತು. ಗಾಡಿ ನಿಂದೇ ಅಕ್ಕಾ, ನಾಳೆನೇ ಬರ್ಕೊಡ್ತೀನಿ. ಆದ್ರೂ ಎಷ್ಟಂದ್ರೂ ಅಪ್ಪನ ಕೈಗುಣ ನೋಡು. ಮೂವತ್ತು ವರ್ಷದ ಹಿಂದೆ ಮಾಡಿದ ರಿಪೇರಿ ಇವತ್ತಿಗೂ ಘಾಟಿ ಹತ್ತುತ್ತೆ. ಅಮ್ಮಾ, ನೀನೂ ಭಾನುವಾರ ಭಾನುವಾರ ದೀಪ ಹಿಡಿದಿದ್ದು ಸಾರ್ಥಕ ಆಯ್ತು ಬಿಡು,” ಅಂದ.

ನಾನು ಅಮ್ಮನ ಮುಖ ನೋಡಿದೆ. ಅವಳು ಹೆಲ್ಮೆಟ್ ತೆಗೆದು, ಬೆವರಿದ ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿ, ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟಳು.

“ದೀಪ ಹಿಡೀತಿದ್ದೋನು ನಿಮ್ಮಪ್ಪ,” ಅಂದಳು. “ಅದನ್ನೂ ನೆಟ್ಟಗೆ ಹಿಡೀತಿರ್ಲಿಲ್ಲ.”